ಮೊದಲು ಮಣ್ಣು ನೋಡಿ: ಮನೆಯ ಕೈತೋಟದಿಂದ ಒಂದು ಪಾಠ

ಓದುವ ಭಾಗ: ಲೂಕ 13:6-9

ಕಳೆದ ಎರಡು ಮೂರು ವಾರದಿಂದ ಆರಾಧನೆ ಮುಗಿದ ಮೇಲೆ ಅಮ್ಮಂದಿರು ನನ್ನ ಹತ್ರ ಬಂದು ಕೇಳ್ತಾ ಇದ್ದೀರಿ. "ಪಾಸ್ಟರ್, ನಮ್ಮನೆ ಟೊಮೆಟೊ ಗಿಡ ಹೂ ಬಿಡ್ತದೆ, ಕಾಯಿ ನಿಲ್ಲಲ್ಲ." "ಮೆಣಸಿನ ಗಿಡದ ಎಲೆ ಮುದುಡಿಕೊಂಡಿದೆ." "ಕೊತ್ತಂಬರಿ ಮೂರು ಸಲ ಹಾಕಿದೆ, ಒಂದು ಸಲಾನೂ ಹುಟ್ಟಲಿಲ್ಲ." ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೇಳೋ ಬದಲು, ಈ ಬುಧವಾರದ ಪಾಠಾನೇ ಕೈತೋಟದ ಬಗ್ಗೆ ಇಟ್ಟುಕೊಳ್ಳೋಣ ಅಂದುಕೊಂಡೆ. ಪೆನ್ನು, ಪುಸ್ತಕ ತಂದವರು ಬರ್ಕೊಳ್ಳಿ. ಇವತ್ತು ಅಳತೆಗಳೂ ಇದಾವೆ, ದಿನಗಳ ಲೆಕ್ಕವೂ ಇದೆ.

ಕೆಲವರಿಗೆ ಅನ್ನಿಸಬಹುದು, ಸಭೆಯಲ್ಲಿ ತರಕಾರಿ ಪಾಠ ಯಾಕೆ ಅಂತ. ಆದಿಕಾಂಡ 2ನೇ ಅಧ್ಯಾಯ ತೆಗೆದು ನೋಡಿ. ದೇವರು ಮನುಷ್ಯನಿಗೆ ಕೊಟ್ಟ ಮೊದಲ ಕೆಲಸ ಯಾವುದು? ತೋಟ ಮಾಡೋದು, ತೋಟ ಕಾಯೋದು. ಯೆರೆಮೀಯ 29ರಲ್ಲಿ ಬಾಬೆಲಿಗೆ ಸೆರೆಹೋದ ಜನರಿಗೆ ಕಾಗದ ಬರ್ತದೆ. ಅದು ಅವರ ಸ್ವಂತ ಊರಲ್ಲ, ಸ್ವಂತ ಜಮೀನಲ್ಲ. ಆದ್ರೂ ಅಲ್ಲೇ ತೋಟ ಮಾಡಿ, ಅದರಲ್ಲಿ ಬೆಳೆದದ್ದನ್ನು ತಿನ್ನಿ ಅಂತ ದೇವರು ಹೇಳಿಸ್ತಾರೆ. ನಮ್ಮಲ್ಲಿ ಎಷ್ಟೋ ಜನ ಹಳ್ಳಿ ಬಿಟ್ಟು ಬಂದು ಬಾಡಿಗೆ ಮನೆಯಲ್ಲಿ ಇದ್ದೀವಿ. "ಸ್ವಂತ ಮನೆ ಆಗಲಿ, ಆಮೇಲೆ ಗಿಡ ಹಾಕೋಣ" ಅಂತ ಕಾಯ್ತಾ ಇರೋರಿಗೆ ಆ ಕಾಗದ ಸಾಕು. ಒಂದು ಬಕೆಟ್ ಇದ್ರೆ ಇವತ್ತೇ ಶುರು ಮಾಡಬಹುದು.

ಈಗ ನಮ್ಮ ವಾಕ್ಯಭಾಗಕ್ಕೆ ಬರೋಣ. ಯೇಸು ಹೇಳಿದ ಸಾಮ್ಯ ನಿಮಗೆಲ್ಲ ಗೊತ್ತು. ಒಬ್ಬ ಯಜಮಾನ ತನ್ನ ದ್ರಾಕ್ಷಿತೋಟದಲ್ಲಿ ಅಂಜೂರದ ಮರ ಹಾಕಿಸಿದ್ದ. ಮೂರು ವರ್ಷ ಬಂದು ಬಂದು ನೋಡಿದ, ಫಲ ಇಲ್ಲ. ಕಡಿದುಹಾಕು, ಸುಮ್ನೆ ಯಾಕೆ ಜಾಗ ಹಿಡ್ಕೊಂಡಿರಬೇಕು ಅಂದ. ಆಗ ತೋಟ ನೋಡಿಕೊಳ್ಳೋನು ಮೂರು ಮಾತು ಹೇಳಿದ. ಸುತ್ತ ಅಗೀತೀನಿ, ಗೊಬ್ಬರ ಹಾಕ್ತೀನಿ, ಇನ್ನೊಂದು ವರ್ಷ ಕಾಯೋಣ.

ಇಲ್ಲಿ ಒಂದು ವಿಷಯ ಗಮನಿಸಿ. ಯಜಮಾನ ನೋಡಿದ್ದು ಕೊಂಬೆಯನ್ನು. ತೋಟಗಾರ ನೋಡಿದ್ದು ಬುಡವನ್ನು. "ನೀನು ಇನ್ನೂ ಚೆನ್ನಾಗಿ ಪ್ರಯತ್ನ ಮಾಡು" ಅಂತ ಅವನು ಮರಕ್ಕೆ ಹೇಳಲಿಲ್ಲ, ಬೈಯಲೂ ಇಲ್ಲ. ಅದು ನಿಂತಿದ್ದ ನೆಲವನ್ನು ಸರಿ ಮಾಡ್ತೀನಿ ಅಂದ. ಇವತ್ತಿನ ಪಾಠ ಇಷ್ಟೇ, ದೇವಜನರೇ: ಗಿಡಕ್ಕೆ ಊಟ ಹಾಕಬೇಡಿ, ಮಣ್ಣಿಗೆ ಊಟ ಹಾಕಿ. ಗಿಡವನ್ನು ಮಣ್ಣು ನೋಡಿಕೊಳ್ತದೆ.

ಮೊದಲು ನನ್ನ ತಪ್ಪು ಹೇಳ್ತೀನಿ

ಇದನ್ನು ನಾನು ಬೈಬಲ್ ಕಾಲೇಜಿನಲ್ಲಿ ಕಲಿಯಲಿಲ್ಲ. ಕೆಟ್ಟು ಕಲಿತೆ.

2020ರಲ್ಲಿ ಲಾಕ್‌ಡೌನ್ ಆದಾಗ ನಾನು ಹಗಲು ಮಾಡ್ತಿದ್ದ ಕೆಲಸ ಹೋಯ್ತು. ಸಭೆ ಕೂಡೋ ಹಾಗೂ ಇರಲಿಲ್ಲ. ಕಾಣಿಕೆ ಕೇಳೋ ಮನಸ್ಸೂ ಇರಲಿಲ್ಲ, ಯಾಕಂದ್ರೆ ನಿಮ್ಮ ಮನೆಗಳ ಪರಿಸ್ಥಿತಿ ನನಗೆ ಗೊತ್ತಿತ್ತು. ತರಕಾರಿ ಖರ್ಚಾದರೂ ಉಳೀಲಿ ಅಂತ 20 ಲೀಟರಿನ ಆರು ಪೇಂಟ್ ಬಕೆಟ್ ತಂದು ತೊಳೆದು, ಮನೆ ಕಟ್ಟೋ ಜಾಗದಿಂದ ಮಣ್ಣು ತುಂಬ್ಕೊಂಡು ಬಂದು ಟೊಮೆಟೊ ಸಸಿ ನೆಟ್ಟೆ. ಹದಿನೈದು ದಿನ ಆದ್ರೂ ಗಿಡ ಏಳಲಿಲ್ಲ. ನನಗೆ ತಾಳ್ಮೆ ಇಲ್ಲ. ಪರಿಚಯದವರ ಹತ್ರ ಯೂರಿಯ ತಂದು ಬಕೆಟ್ಟಿಗೆ ಒಂದು ಚಮಚ ಹಾಕಿದೆ. ಒಂದೇ ವಾರದಲ್ಲಿ ಗಿಡ ಕಪ್ಪು ಹಸಿರಾಗಿ ಎದ್ದು ನಿಂತಿತು. ನಾನು ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೆ, ನಿಮಗೂ ಬಂದಿರಬೇಕು.

ಎಲೆ ಬಂತು, ಕಾಯಿ ಬರಲಿಲ್ಲ. ಹಾಗಾದ್ರೆ ಇನ್ನೂ ಸ್ವಲ್ಪ ಬೇಕೇನೋ ಅಂತ ಮತ್ತೆ ಹಾಕಿದೆ. ಮೂರನೇ ದಿನಕ್ಕೆ ಎಲೆ ಅಂಚು ಸುಟ್ಟ ಹಾಗಾಗಿ, ಆರರಲ್ಲಿ ನಾಲ್ಕು ಗಿಡ ಒಣಗಿ ಹೋದವು.

ಯಾಕೆ ಹೀಗಾಯ್ತು? ಯೂರಿಯದಲ್ಲಿ 46 ಪರ್ಸೆಂಟ್ ಸಾರಜನಕ ಇರ್ತದೆ. ಸಾರಜನಕ ಎಲೆ ಬೆಳೆಸೋ ಆಹಾರ. ಅದು ಜಾಸ್ತಿ ಆದ್ರೆ ಗಿಡ ಎಲೆ ಬಿಡ್ತಾನೇ ಇರ್ತದೆ, ಹೂವಿನ ಕಡೆ ತಿರುಗೋದೇ ಇಲ್ಲ. ಇನ್ನೂ ಜಾಸ್ತಿ ಆದ್ರೆ ಬೇರು ಸುಡ್ತದೆ. ಹೊಲದಲ್ಲಿ ಲೆಕ್ಕ ಹಾಕಿ ಹಾಕೋ ರೈತನಿಗೆ ಅದು ಉಪಯೋಗಕ್ಕೆ ಬರ್ತದೆ. ಒಂದು ಬಕೆಟ್ಟಿನಷ್ಟು ಸತ್ತ ಮಣ್ಣಿಗೆ, ಲೆಕ್ಕ ಗೊತ್ತಿಲ್ಲದ ನಾನು ಹಾಕಿದ್ದೇ ತಪ್ಪು. ಹೊರಗಿಂದ ನೋಡಿದ್ರೆ ಹಸಿರು, ಒಳಗೆ ಫಲ ಇಲ್ಲ. ಇದರ ಅರ್ಥ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ತೋಟಗಾರನ ಮೂರು ಕೆಲಸ ಒಂದೊಂದಾಗಿ ನೋಡೋಣ.

1. ಸುತ್ತ ಅಗೆಯುವುದು

ಅಗೆಯೋದು ಅಂದ್ರೆ ಮಣ್ಣನ್ನು ಪರೀಕ್ಷೆ ಮಾಡೋದು, ಅದಕ್ಕೆ ಗಾಳಿ ಕೊಡೋದು. ಬೇರಿಗೂ ಉಸಿರು ಬೇಕು. ಗಟ್ಟಿ ಮಣ್ಣಿನಲ್ಲಿ, ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗದೆ ಕೊಳೀತದೆ. ಮೇಲೆ ಎಲೆ ಬಾಡಿದ್ದು ನೋಡಿ ನಾವು ಇನ್ನಷ್ಟು ನೀರು ಹಾಕ್ತೀವಿ. ಮನೆ ತೋಟದಲ್ಲಿ ನೀರಿಲ್ಲದೆ ಸಾಯೋ ಗಿಡಗಳ ಜೊತೆ ನೀರು ಜಾಸ್ತಿಯಾಗಿ ಸಾಯೋವೂ ಬಹಳ ಇದಾವೆ.

ಮಣ್ಣು ಪರೀಕ್ಷೆಗೆ ಲ್ಯಾಬ್ ಬೇಡ. ಸ್ವಲ್ಪ ಹಸಿ ಇರೋ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅದುಮಿ, ಕೈ ಬಿಚ್ಚಿ. ಉಂಡೆ ನಿಲ್ಲದೆ ಉದುರಿದ್ರೆ ಮರಳು ಜಾಸ್ತಿ, ನೀರು ನಿಲ್ಲಲ್ಲ. ಉಂಡೆ ನಿಂತು, ಬೆರಳಲ್ಲಿ ಮುಟ್ಟಿದ್ರೆ ಪುಡಿಯಾದ್ರೆ ಒಳ್ಳೆ ಮಣ್ಣು. ಒತ್ತಿದ್ರೂ ಜೇಡಿಯ ಹಾಗೆ ಅಂಟಿಕೊಂಡೇ ಇದ್ರೆ ನೀರು ಬಸಿದು ಹೋಗಲ್ಲ. ವಿಚಿತ್ರ ಏನಂದ್ರೆ, ಮರಳು ಮಣ್ಣಿಗೂ ಜೇಡಿ ಮಣ್ಣಿಗೂ ಮದ್ದು ಒಂದೇ, ಕೊಳೆತ ಗೊಬ್ಬರ. ಮರಳಿನಲ್ಲಿ ಅದು ನೀರು ಹಿಡಿದು ಇಡ್ತದೆ, ಜೇಡಿಯಲ್ಲಿ ಗಾಳಿಗೆ ದಾರಿ ಮಾಡ್ತದೆ.

ನೆಲದಲ್ಲಿ ಹಾಕೋರು ಒಂದು ಅಡಿ ಗುಂಡಿ ತೋಡಿ, ಸಂಜೆ ನೀರು ತುಂಬಿಸಿ. ಬೆಳಿಗ್ಗೆಯೂ ನೀರು ನಿಂತಿದ್ರೆ ಆ ಜಾಗದಲ್ಲಿ ಏರು ಮಡಿ ಮಾಡಿ ನೆಡಬೇಕು. ಬಕೆಟ್, ಕುಂಡದಲ್ಲಿ ಹಾಕೋರು ತಳದಲ್ಲಿ ಐದಾರು ತೂತು ಮಾಡಿ. ಮಣ್ಣಿನ ಮಿಶ್ರಣಕ್ಕೆ ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕೊಳೆತ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಅಥವಾ ಮರಳು. ಟೆರೇಸ್ ಮೇಲೆ ಇಡೋರಿಗೆ ಒಂದು ಎಚ್ಚರಿಕೆ. ಒದ್ದೆ ಮಣ್ಣಿನ 20 ಲೀಟರ್ ಬಕೆಟ್ 20 ಕೆಜಿಗೂ ಮೇಲೆ ತೂಗ್ತದೆ. ಎಲ್ಲವನ್ನೂ ಮಧ್ಯದಲ್ಲಿ ಗುಂಪು ಹಾಕಬೇಡಿ, ಗೋಡೆ ಇರೋ ಅಂಚಿನ ಕಡೆ ಸಾಲಾಗಿ ಇಡಿ. ಬಕೆಟ್ ಕೆಳಗೆ ಇಟ್ಟಿಗೆ ಇಟ್ರೆ ನೀರು ಹರಿದು ಹೋಗ್ತದೆ, ಮಾಲೀಕರಿಂದ ಬೈಸಿಕೊಳ್ಳೋದೂ ತಪ್ತದೆ.

ಬೆಳೆದ ಗಿಡದ ಸುತ್ತ ಅಗೆಯೋವಾಗ ಆಳಕ್ಕೆ ಹೋಗಬೇಡಿ. ತರಕಾರಿ ಗಿಡದ ಬೇರು ಮೇಲುಮೇಲೇ ಇರ್ತದೆ. ಒಂದೆರಡು ಇಂಚು ಕೆದಕಿ ಸಡಿಲ ಮಾಡಿ, ಕಳೆ ತೆಗೆದು, ಒಣಗಿದ ಎಲೆಯನ್ನು ಎರಡು ಇಂಚು ದಪ್ಪ ಹಾಸಿ. ಬಿಸಿಲಿಗೆ ಮಣ್ಣು ಒಣಗಲ್ಲ, ಮಳೆಗೆ ಕೊಚ್ಚಿ ಹೋಗಲ್ಲ, ಕೊಳೆತು ಅದೇ ಗೊಬ್ಬರವೂ ಆಗ್ತದೆ. ನೀರು ಹಾಕೋ ಮೊದಲು ಬೆರಳನ್ನು ಮಣ್ಣಿನೊಳಗೆ ಒಂದೆರಡು ಇಂಚು ಇಳಿಸಿ ನೋಡಿ. ಒದ್ದೆ ಇದ್ರೆ ಇವತ್ತು ಬೇಡ.

2. ಗೊಬ್ಬರ ಹಾಕುವುದು

ಕೆಲವರು ಹಸಿ ಸಗಣಿ ತಂದು ನೇರ ಬುಡಕ್ಕೆ ಹಾಕ್ತೀರಿ. ದಯವಿಟ್ಟು ಬೇಡ. ಹಸಿ ಸಗಣಿ ಮಣ್ಣಿನಲ್ಲಿ ಕೊಳೆಯೋವಾಗ ಬಿಸಿ ಏಳ್ತದೆ, ಬೇರಿಗೆ ಪೆಟ್ಟು. ಗೊಣ್ಣೆಹುಳು ಬರ್ತದೆ, ಕಳೆ ಬೀಜಾನೂ ಬರ್ತದೆ. ಕೊಟ್ಟಿಗೆ ಗೊಬ್ಬರ ಆಗಿದೆ ಅಂತ ಗೊತ್ತಾಗೋದು ಹೇಗೆ? ಕೈಯಲ್ಲಿ ಹಿಡಿದ್ರೆ ಪುಡಿಪುಡಿ ಇರಬೇಕು, ಸಗಣಿ ವಾಸನೆ ಹೋಗಿ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಅಂಥದ್ದನ್ನು ಹತ್ತು ಚದರ ಅಡಿ ಮಡಿಗೆ ಎರಡರಿಂದ ಎರಡೂವರೆ ಕೆಜಿ ಬೆರೆಸಿ.

ದುಡ್ಡು ಕೊಟ್ಟು ತರೋಕೆ ಆಗದವರು ಮನೇಲೇ ಮಾಡ್ಕೊಳ್ಳಿ. ನಮ್ಮನೆಯಲ್ಲಿ ಮಾಡೋ ರೀತಿ ಹೇಳ್ತೀನಿ:

- ಮುಚ್ಚಳ ಇರೋ ಹಳೇ ಬಕೆಟ್ ಅಥವಾ ಡ್ರಮ್ ತಗೊಂಡು ತಳಕ್ಕೂ ಪಕ್ಕಕ್ಕೂ ತೂತು ಮಾಡಿ.
- ಕೆಳಗೆ ಒಣ ಎಲೆ. ಅದರ ಮೇಲೆ ದಿನದ ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಟೀ ಚರಟ.
- ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ಒಣ ಎಲೆ ಅಥವಾ ಹರಿದ ರಟ್ಟು. ಈ ಲೆಕ್ಕ ತಪ್ಪಿದ್ರೇನೇ ನಾತ ಬರೋದು.
- ವಾರಕ್ಕೊಮ್ಮೆ ಕೋಲಿನಿಂದ ಮೇಲೆ ಕೆಳಗೆ ಮಾಡಿ. ನಾತ ಬಂದ್ರೆ ನೀರು ಜಾಸ್ತಿ ಆಗಿದೆ, ಒಣ ಎಲೆ ಹಾಕಿ. ಏನೂ ಕೊಳೆಯದೆ ಹಾಗೇ ಇದ್ರೆ ಒಣಗಿದೆ, ನೀರು ಚಿಮುಕಿಸಿ. ಹಿಂಡಿದ ಬಟ್ಟೆಯಷ್ಟು ತೇವ ಇದ್ರೆ ಸಾಕು.
- ಮೀನು, ಮಾಂಸ, ಮೂಳೆ, ಎಣ್ಣೆ ಪದಾರ್ಥ ಹಾಕಬೇಡಿ. ಇಲಿ ಬರ್ತದೆ.

ಎರಡೂವರೆ ಮೂರು ತಿಂಗಳಲ್ಲಿ ಕಪ್ಪು ಪುಡಿ ಸಿಗ್ತದೆ. ಬಿಸಾಡಬೇಕಾಗಿದ್ದ ಸಿಪ್ಪೆಯಿಂದ ಬಂದದ್ದು. ನಾವು ಬೇಡ ಅಂದದ್ದನ್ನೂ ಉಪಯೋಗಕ್ಕೆ ತರೋ ದೇವರಿಗೆ ಸ್ತೋತ್ರ.

ಹಾಕೋ ಜಾಗವೂ ಮುಖ್ಯ. ಗೊಬ್ಬರವನ್ನು ಕಾಂಡಕ್ಕೆ ತಾಗಿಸಿ ಗುಡ್ಡೆ ಹಾಕಬೇಡಿ, ಕಾಂಡ ಕೊಳೀತದೆ. ಮರವಾದರೆ ಮಧ್ಯಾಹ್ನ ನೆರಳು ಎಲ್ಲಿವರೆಗೆ ಬೀಳ್ತದೋ ಆ ಅಂಚಿನಲ್ಲಿ ಪಾತಿ ಮಾಡಿ ಹಾಕಿ. ತಿನ್ನೋ ಸಣ್ಣ ಬೇರುಗಳು ಹೆಚ್ಚಾಗಿ ಆ ಕಡೆ ಇರೋದು. ಸೌದೆ ಒಲೆ ಬೂದಿ ಇದ್ರೆ ತಿಂಗಳಿಗೊಂದು ಹಿಡಿ ಸಾಕು. ಅದರಲ್ಲಿ ಪೊಟ್ಯಾಷ್, ಸುಣ್ಣ ಇರ್ತದೆ. ಜಾಸ್ತಿ ಹಾಕಿದ್ರೆ ಮಣ್ಣು ಕ್ಷಾರ ಆಗ್ತದೆ.

3. ಕಾಯುವುದು

ಇದು ಕಷ್ಟದ ಕೆಲಸ. ಎಷ್ಟು ದಿನ ಕಾಯಬೇಕು ಅಂತ ಗೊತ್ತಿಲ್ಲದೆ ಇದ್ದಾಗ ಇನ್ನೂ ಕಷ್ಟ. ಅದಕ್ಕೇ ದಿನ ಹೇಳ್ತೀನಿ, ಬರ್ಕೊಳ್ಳಿ:

- ಮೆಂತ್ಯ, ಹರಿವೆ: 25ರಿಂದ 30 ದಿನ
- ಕೊತ್ತಂಬರಿ: ಮೊಳಕೆಗೇ 8ರಿಂದ 12 ದಿನ, ಕೀಳೋಕೆ ಸುಮಾರು 40 ದಿನ
- ಮೂಲಂಗಿ: 40ರಿಂದ 45 ದಿನ
- ಬೀನ್ಸ್, ಬೆಂಡೆ: 45ರಿಂದ 50 ದಿನ
- ಟೊಮೆಟೊ: ಬೀಜದಿಂದ ಸಸಿಗೆ 25ರಿಂದ 30 ದಿನ, ನೆಟ್ಟ ಮೇಲೆ ಹಣ್ಣಿಗೆ 65ರಿಂದ 75 ದಿನ
- ಕರಿಬೇವು: ಮೊದಲ ವರ್ಷ ಅದರ ತಂಟೆಗೇ ಹೋಗಬೇಡಿ

ಕೊತ್ತಂಬರಿ ಹುಟ್ಟಲಿಲ್ಲ ಅಂದ ಸಹೋದರಿ, ಮೂರು ಸಲಾನೂ ಒಂದೊಂದು ವಾರಕ್ಕೆ ಮಣ್ಣು ಕೆದಕಿ ನೋಡಿದ್ರಂತೆ! ಹತ್ತನೇ ದಿನ ಬರೋದನ್ನು ಏಳನೇ ದಿನ ಕಿತ್ತರೆ ಹೇಗೆ ಬರಬೇಕು? ಇನ್ನೊಂದು ವಿಷಯ, ಕೊತ್ತಂಬರಿ ಕಾಳು ಒಂದಲ್ಲ, ಅದರೊಳಗೆ ಎರಡು ಬೀಜ. ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಮೆತ್ತಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಹಾಕಿ.

ಹೊಸಬರು ಮೊದಲು ಸೊಪ್ಪು ಹಾಕಿ. ಒಂದು ತಿಂಗಳಿಗೆ ಕೈಗೆ ಬರ್ತದೆ, ಮನಸ್ಸಿಗೆ ಧೈರ್ಯ ಬರ್ತದೆ. ಅದಕ್ಕೆ ಆರು ಇಂಚು ಆಳ ಸಾಕು, ಮೂರ್ನಾಲ್ಕು ಗಂಟೆ ಬಿಸಿಲು ಸಾಕು. ಟೊಮೆಟೊ, ಬದನೆ, ಮೆಣಸಿನಕಾಯಿಗೆ ಒಂದು ಅಡಿ ಆಳ ಬೇಕು, ಆರು ಗಂಟೆ ಬಿಸಿಲು ಬೇಕೇ ಬೇಕು. ಬಿಸಿಲಿಲ್ಲದ ಜಾಗದಲ್ಲಿ ಟೊಮೆಟೊ ಇಟ್ಟು ನಂಬಿಕೆಯಿಂದ ಕಾಯ್ತೀನಿ ಅಂದ್ರೆ ಅದು ನಂಬಿಕೆ ಅಲ್ಲ. ಪುದೀನ, ದೊಡ್ಡಪತ್ರೆ, ಬಸಳೆಗೆ ಬೀಜವೇ ಬೇಡ. ಸಂತೆಯಿಂದ ತಂದ ಪುದೀನ ಕಟ್ಟಿನಲ್ಲಿ ಗಟ್ಟಿ ಕಡ್ಡಿ ಆರಿಸಿ ಲೋಟದ ನೀರಿನಲ್ಲಿ ಇಡಿ. ವಾರ ಹತ್ತು ದಿನಕ್ಕೆ ಬೇರು ಬಿಡ್ತದೆ, ಆಮೇಲೆ ನೆಡಿ.

ಕಾಯೋದು ಅಂದ್ರೆ ಸುಮ್ನೆ ಕೂರೋದು ಅಲ್ಲ. ಕುಂಬಳ, ಹೀರೆ, ಸೋರೆ ಹಾಕಿದವರು "ಹೂ ಎಲ್ಲ ಉದುರಿ ಹೋಗ್ತಿದೆ" ಅಂತ ಹೆದರ್ತೀರಿ. ಈ ಬಳ್ಳಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಮೊದಲು ಬರೋದು ಗಂಡು ಹೂ, ಅದು ಉದುರೋದೇ ಸಹಜ. ಆಮೇಲೆ ಹೆಣ್ಣು ಹೂ ಬರ್ತದೆ. ಅದರ ಹಿಂದೆ ಪುಟ್ಟ ಕಾಯಿ ಇರ್ತದೆ, ನೋಡಿದ ಕೂಡಲೇ ಗೊತ್ತಾಗ್ತದೆ. ಆ ಪುಟ್ಟ ಕಾಯಿ ಹಳದಿಯಾಗಿ ಬಿದ್ರೆ ಪರಾಗ ಮುಟ್ಟಿಲ್ಲ ಅಂತ ಅರ್ಥ. ಮೂರನೇ ಮಹಡಿ ಟೆರೇಸಿಗೆ ಜೇನ್ನೊಣ ಬರೋದು ಕಡಿಮೆ, ನೀವೇ ಆ ಕೆಲಸ ಮಾಡಬೇಕು. ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಸವರಿ. ಕುಂಬಳದ ಹೂ ಬೆಳಗಿನ ಜಾವ ಅರಳ್ತದೆ, ಹೊತ್ತೇರೋ ಮೊದಲು ಮಾಡಿ. ಹೀರೆ, ಸೋರೆ ಹೂ ಸಂಜೆ ಅರಳ್ತದೆ, ಅವಕ್ಕೆ ಸಂಜೆ ಹೋಗಬೇಕು. ಬೆಳಿಗ್ಗೆ ಹೋಗಿ "ಹೂ ಮುದುಡಿದೆ" ಅಂದ್ರೆ ತಪ್ಪು ಹೂವಿನದ್ದಲ್ಲ. ಪ್ರತಿಯೊಂದಕ್ಕೂ ಅದರದರ ಹೊತ್ತು ಇದೆ.

ಕಡಿಯುವ ದಿನವೂ ಇದೆ

ಸಾಮ್ಯದಲ್ಲಿ ಆ ತೋಟಗಾರ ಕಾಲ ಗೊತ್ತು ಮಾಡಿದ. ಒಂದು ವರ್ಷ, ಆಮೇಲೂ ಇಲ್ಲ ಅಂದ್ರೆ ಕಡಿಯಬಹುದು ಅಂತ ತಾನೇ ಒಪ್ಪಿಕೊಂಡ. ತಾಳ್ಮೆ ಅಂದ್ರೆ ಕಣ್ಣು ಮುಚ್ಚಿಕೊಳ್ಳೋದು ಅಲ್ಲ.

ಬೆಂಡೆ ಎಲೆಯ ನರಗಳೆಲ್ಲ ಹಳದಿಯಾಗಿ ಬಲೆ ಹಾಗೆ ಕಂಡ್ರೆ ಅದು ಹಳದಿ ನಂಜು ರೋಗ. ಬಿಳಿ ನೊಣ ಅದನ್ನು ಗಿಡದಿಂದ ಗಿಡಕ್ಕೆ ಹರಡ್ತದೆ. ಆ ಗಿಡಕ್ಕೆ ಔಷಧಿ ಇಲ್ಲ. ಅಯ್ಯೋ ಪಾಪ ಅನ್ನದೆ ಅವತ್ತೇ ಕಿತ್ತು ಹಾಕಿ, ಇಲ್ಲದಿದ್ರೆ ಪಕ್ಕದ್ದೂ ಹೋಗ್ತದೆ. ಮುಂದಿನ ಸಲ ಬೀಜ ಆರಿಸೋವಾಗಲೇ ಎಚ್ಚರ ಇರಲಿ. ಬೆಂಗಳೂರಿನ ಹೆಸರಘಟ್ಟದಲ್ಲಿರೋ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಈ ರೋಗ ತಡೆಯಲಿ ಅಂತಲೇ ಅರ್ಕಾ ಅನಾಮಿಕ ಅನ್ನೋ ಬೆಂಡೆ ತಳಿ ಮಾಡಿದ್ದಾರೆ. ಟೊಮೆಟೊದಲ್ಲಿ ಅವರದ್ದೇ ಅರ್ಕಾ ರಕ್ಷಕ್ ಇದೆ, ಮೂರು ರೋಗ ತಡೆಯೋ ಹೈಬ್ರಿಡ್. ಹೈಬ್ರಿಡ್ ಹಣ್ಣಿನ ಬೀಜ ಎತ್ತಿಟ್ಟು ಹಾಕಿದ್ರೆ ತಾಯಿ ಗಿಡದ ಹಾಗೇ ಬರಲ್ಲ, ಪ್ರತಿ ಸಲ ಹೊಸ ಬೀಜ ಬೇಕು. ಅನಾಮಿಕದಲ್ಲಿ ನೀವೇ ಬೀಜ ಮಾಡ್ಕೋಬಹುದು.

ಆದ್ರೆ ಹುಳ ಬಂದ ಕೂಡಲೇ ಕೀಳಬೇಡಿ. ಮೆಣಸಿನ ಎಲೆ ಮುದುಡೋದು, ನಾವು ಮುಟುರು ರೋಗ ಅಂತೀವಲ್ಲ, ಹೆಚ್ಚಾಗಿ ಥ್ರಿಪ್ಸ್, ನುಸಿಗಳಿಂದ ಬರ್ತದೆ. ಹೇನು, ಹಿಟ್ಟು ತಿಗಣೆಯೂ ರಸ ಹೀರ್ತವೆ. ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಹಾಕಿ ಚೆನ್ನಾಗಿ ಕಲಸಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಭಾಗಕ್ಕೆ ಹೊಡೀರಿ. ಹುಳ ಅಡಗಿರೋದು ಅಡಿಯಲ್ಲಿ. ವಾರಕ್ಕೊಮ್ಮೆ, ಮೂರ್ನಾಲ್ಕು ವಾರ ಬಿಡದೆ ಮಾಡಿ. ಒಂದು ಸಲ ಹೊಡೆದು ಬಿಟ್ಟರೆ ಮೊಟ್ಟೆಯಿಂದ ಮತ್ತೆ ಬರ್ತವೆ.

ನುಗ್ಗೆ ಮರ, ನಮ್ಮವ್ವ

ಈಗ ನಾನು ಇವತ್ತು ಹೇಳಲೇಬೇಕು ಅಂತ ಬಂದ ವಿಷಯ. ಇದನ್ನು ಸಾಕ್ಷಿಯಾಗಿ ಹೇಳ್ತಿದ್ದೀನಿ. ಅವ್ವನನ್ನು ಕೇಳಿ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ.

ಟೊಮೆಟೊ ಕೆಟ್ಟ ವರ್ಷಾನೇ ಹಿತ್ತಲಲ್ಲಿ ಒಂದು ನುಗ್ಗೆ ಕೊಂಬೆ ನೆಟ್ಟಿದ್ದೆ. ಅದು ಮಾತ್ರ ಬದುಕ್ತು. ಬಟ್ಟೆ ಒಗೆಯೋ ಕಲ್ಲಿನ ನೀರು ಅದರ ಬುಡಕ್ಕೇ ಹರೀತಿತ್ತು. ಎತ್ತರಕ್ಕೆ ಬೆಳೀತು, ಎಲೆ ತುಂಬಾ ಬಂತು. ಹೂವಿಲ್ಲ, ಕಾಯಿಲ್ಲ. 2021ರಲ್ಲಿ ನಮ್ಮಪ್ಪ ತೀರಿಕೊಂಡ ಮೇಲೆ ಅವ್ವ ಕೊಳ್ಳೇಗಾಲದ ಕಡೆ ಇರೋ ನಮ್ಮೂರು ಬಿಟ್ಟು ನಮ್ಮ ಜೊತೆ ಬಂದ್ರು. ಹೊಲದಲ್ಲಿ ಜೀವಮಾನ ಎಲ್ಲ ಕೆಲಸ ಮಾಡಿದೋರು ಒಂದು ಬೆಡ್‌ರೂಮಿನ ಮನೆಯಲ್ಲಿ ಕುರ್ಚಿ ಮೇಲೆ ಕೂತುಬಿಟ್ರು. ಮಾತು ಕಡಿಮೆ ಆಯ್ತು. ವಯಸ್ಸಾಯ್ತಲ್ಲ, ಅಪ್ಪನ ದುಃಖ ಬೇರೆ, ಅದಕ್ಕೇ ಇರಬೇಕು ಅಂದ್ಕೊಂಡೆ. ಪ್ರಾರ್ಥನೆ ಮಾಡ್ತಿದ್ದೆ. ಪಕ್ಕದಲ್ಲಿ ಕೂತು ಕೇಳಲಿಲ್ಲ.

2022ರಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ ನಾನು ಹೇಳಿದೆ, "ಆ ನುಗ್ಗೆ ಎರಡು ವರ್ಷದಿಂದ ಸುಮ್ನೆ ಜಾಗ ಹಿಡ್ಕೊಂಡು ನಿಂತಿದೆ. ಒಂದು ಕಾಯಿ ಪ್ರಯೋಜನ ಇಲ್ಲ. ಬರೋ ವಾರ ಕಡಿಸಿಬಿಡ್ತೀನಿ." ಅವ್ವ ತಟ್ಟೆ ನೋಡ್ಕೊಂಡು ಊಟ ಮಾಡ್ತಿದ್ರು, ಏನೂ ಅನ್ನಲಿಲ್ಲ.

ಬೆಳಿಗ್ಗೆ ಎದ್ದು ನೋಡ್ತೀನಿ, ಅವ್ವ ಹಿತ್ತಲಲ್ಲಿ ಗುದ್ದಲಿ ಹಿಡ್ಕೊಂಡು ಒಗೆಯೋ ಕಲ್ಲಿನ ನೀರಿಗೆ ಬೇರೆ ಕಡೆ ಕಾಲುವೆ ತೆಗೀತಾ ಇದಾರೆ. ನಾನು, "ಯಾಕವ್ವ, ಅದು ಕಡಿಯೋ ಮರ ಅಲ್ವಾ?" ಅಂದೆ. ಅವ್ವ ಗುದ್ದಲಿ ಕೆಳಗಿಡಲಿಲ್ಲ. "ಅಲ್ಲ ಕನಪ್ಪ, ನಾನೂ ಬಂದು ವರ್ಷಾಯ್ತು. ನಾನೂ ಸುಮ್ನೆ ಜಾಗ ಹಿಡ್ಕಂಡೇ ಕೂತಿವ್ನಿ. ನಂಗೂ ಒಂದ್ ವಾರ ಟೇಮ್ ಕೊಡೀಯಾ?" ಅಂದ್ರು.

ದೇವಜನರೇ, ಲೂಕ 13ನ್ನು ನಾನು ಅದಕ್ಕೂ ಮುಂಚೆ ಎಷ್ಟು ಸಲ ಬೋಧಿಸಿದ್ದೆನೋ ಲೆಕ್ಕ ಇಲ್ಲ. ನನ್ನ ಮನೆಯಲ್ಲಿ ಆ ಯಜಮಾನನ ಮಾತು ಆಡಿದ್ದು ನಾನು. ಅದನ್ನು ಕೇಳಿಸಿಕೊಂಡಿದ್ದು ನನ್ನ ಹೆತ್ತ ತಾಯಿ.

ಅವತ್ತು ನಾನು ಕೆಲಸಕ್ಕೆ ಹೋಗಲಿಲ್ಲ, ಅವ್ವನ ಜೊತೆ ಕೂತೆ. ಅವ್ವ ಹೇಳಿದ್ದು ಸರಿ ಇತ್ತು. ನುಗ್ಗೆ ಒಣ ನೆಲದ ಮರ. ಬುಡ ಯಾವಾಗಲೂ ತೇವ ಇದ್ರೆ ಎಲೆ ಬಿಡ್ತದೆ, ಹೂ ಬಿಡಲ್ಲ. ನಾವು ಕೊಟ್ಟ ನೀರೇ ಅದಕ್ಕೆ ತೊಂದರೆ ಆಗಿತ್ತು. ಇಬ್ಬರೂ ಸೇರಿ ನೀರು ತಿರುಗಿಸಿದ್ವಿ, ಎತ್ತರ ಹೋದ ಕೊಂಬೆ ಕಡಿದು ಕೈಗೆ ಎಟುಕೋ ಮಟ್ಟಕ್ಕೆ ಇಳಿಸಿದ್ವಿ, ಸುತ್ತ ಪಾತಿ ಮಾಡಿ ಗೊಬ್ಬರ, ಒಂದು ಹಿಡಿ ಬೂದಿ ಹಾಕಿದ್ವಿ. ಆಮೇಲೆ ಕಾಯ್ದ್ವಿ. ಮುಂದಿನ ಫೆಬ್ರವರಿಯಲ್ಲಿ ಹೂ ಬಂತು, ಅರ್ಧಕ್ಕರ್ಧ ಉದುರಿತು. ಏಪ್ರಿಲ್ ಹೊತ್ತಿಗೆ ಹನ್ನೊಂದು ಕಾಯಿ. ದೊಡ್ಡ ಫಸಲು ಅಂತ ಹೇಳ್ತಿಲ್ಲ, ಹನ್ನೊಂದೇ. ಅವ್ವ ಒಂದೊಂದನ್ನೂ ಎಣಿಸಿ, ನಾಲ್ಕನ್ನು ಪಕ್ಕದ ಮನೆಯವರಿಗೆ ಕೊಟ್ಟು, ಉಳಿದದ್ದರಲ್ಲಿ ಸಾರು ಮಾಡಿದ್ರು.

ಈಗ ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲ ಹತ್ರ ಸಸಿ ಇಟ್ಟುಕೊಂಡು ಕೂರೋರು ಅವರೇ. ನಿಮ್ಮಲ್ಲಿ ಎಷ್ಟೋ ಜನರ ಮನೆಯ ಕರಿಬೇವು, ಬದನೆ ಸಸಿ ಅವರ ಕೈಯಿಂದ ಬಂದದ್ದು. ಅವರಿಗೆ ಬೇಕಾಗಿದ್ದು ನನ್ನ ಉಪದೇಶ ಅಲ್ಲ, ಕಾಲಿಡೋಕೆ ಸ್ವಲ್ಪ ಮಣ್ಣು.

ನಿಮ್ಮ ಮನೆಯಲ್ಲೂ ಹಾಗೆ ಒಬ್ಬರು ಇರಬಹುದು. ಕೆಲಸ ಸಿಗದ ಮಗ, ಮಾತಾಡದ ಮಾವ, ಪರೀಕ್ಷೆಯಲ್ಲಿ ಫೇಲಾದ ಮಗಳು. ಕೊಂಬೆ ನೋಡಿ ಮಾತಾಡೋ ಮೊದಲು ಬುಡ ನೋಡಿ. ಅವರ ಬೇರಿಗೆ ಗಾಳಿ ಸಿಗ್ತಿದೆಯಾ? ನಾವು ಒಳ್ಳೇದು ಅಂದುಕೊಂಡು ಸುರಿಯೋ ನೀರೇ ಜಾಸ್ತಿ ಆಗಿದೆಯಾ?

ಈ ವಾರ ಮನೆಯಲ್ಲಿ ಮಾಡುವುದು

1. ಮುಷ್ಟಿ ಮಣ್ಣಿನ ಪರೀಕ್ಷೆ ಮಾಡಿ. ನಿಮ್ಮ ಮಣ್ಣು ಎಂಥದ್ದು ಅಂತ ಮುಂದಿನ ಬುಧವಾರ ಹೇಳಿ.
2. ಒಂದು ಬಕೆಟ್ಟಿನಲ್ಲಿ ಗೊಬ್ಬರ ಶುರು ಮಾಡಿ. ಸಭೆಯ ಕಾಂಪೌಂಡಿನಲ್ಲಿ ಒಣ ಎಲೆ ಮೂಟೆ ಕಟ್ಟಿ ಇಟ್ಟಿದ್ದೀವಿ, ತಗೊಂಡು ಹೋಗಿ.
3. ಮೆಂತ್ಯ ಅಥವಾ ಹರಿವೆ ಬಿತ್ತಿ, ಬಿತ್ತಿದ ತಾರೀಖನ್ನು ಬಕೆಟ್ ಮೇಲೆ ಬರೀರಿ. 25 ದಿನ ಆಗೋವರೆಗೂ ಬೇರು ಎಳೆದು ನೋಡಬೇಡಿ.
4. ಮನೆಯಲ್ಲಿ ಹಿರಿಯರಿದ್ರೆ, ಎಲ್ಲಿ ಏನು ಹಾಕೋಣ ಅಂತ ಅವರನ್ನು ಕೇಳಿ. ಅವರು ಹೇಳಿದ ಹಾಗೆ ಒಂದಾದ್ರೂ ಮಾಡಿ.

ಮನೆಕೂಟದಲ್ಲಿ ಮಾತಾಡಲು

- ಯಜಮಾನನೂ ತೋಟಗಾರನೂ ಒಂದೇ ಮರವನ್ನು ನೋಡಿದ್ರು. ಇಬ್ಬರೂ ಕಂಡದ್ದು ಏನೇನು?
- ಬೇಗ ಹಸಿರು ಕಾಣಲಿ ಅಂತ ನಾವು ಎಲ್ಲೆಲ್ಲಿ "ಯೂರಿಯ" ಹಾಕ್ತಿದ್ದೀವಿ?
- ಯಾವುದಕ್ಕೆ ಇನ್ನೊಂದು ವರ್ಷ ಕೊಡಬೇಕು, ಯಾವುದನ್ನು ಇವತ್ತೇ ಕೀಳಬೇಕು? ಹೇಗೆ ಗೊತ್ತು ಮಾಡ್ಕೊಳ್ತೀರಿ?

ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ನಮ್ಮ ಕೈಗೆ ಕೊಟ್ಟಿರೋ ಈ ಸ್ವಲ್ಪ ಮಣ್ಣಿಗಾಗಿ ಸ್ತೋತ್ರ. ನಮ್ಮನ್ನು ಎಷ್ಟೋ ವರ್ಷ ಕಡಿಯದೆ ಕಾಯ್ದಿದ್ದೀರಿ, ನಮ್ಮ ಸುತ್ತ ಅಗೆದಿದ್ದೀರಿ. ನಾವು ಇನ್ನೊಬ್ಬರಿಗೂ ಹಾಗೇ ಇರುವಂತೆ ಕಲಿಸಿ. ಬಿತ್ತೋ ಪ್ರತಿ ಬೀಜವನ್ನು ಆಶೀರ್ವದಿಸಿ. ಯಾವ ಮನೆಯಲ್ಲೂ ಯಾರೂ ತಾನು ಸುಮ್ನೆ ಜಾಗ ಹಿಡ್ಕೊಂಡಿದ್ದೀನಿ ಅಂತ ಅಂದುಕೊಂಡು ಮಲಗದ ಹಾಗೆ ಮಾಡಿ. ಯೇಸುವಿನ ನಾಮದಲ್ಲಿ ಬೇಡ್ತೀವಿ, ಆಮೆನ್.